ಬಾಟಲಿಯಲ್ಲಿಟ್ಟ ಕಲ್ಲು

ಸೊಸೆ ಹೊಲಿಗೆ ಯಂತ್ರದ ಬಾಬಿನ್ ಕೇಸನ್ನು ತಟ್ಟೆಯ ಸೀಮೆಎಣ್ಣೆಯಲ್ಲಿ ಅದ್ದಿ, ಸವೆದ ಹಲ್ಲುಜ್ಜುವ ಬ್ರಷ್ಷಿನಿಂದ ಅದರ ಸಂದುಗಳನ್ನು ಉಜ್ಜುತ್ತಿದ್ದಳು. ನೂಲಿನ ಜುಂಗು, ಕಪ್ಪಾಗಿ ಗಟ್ಟಿಯಾದ ಎಣ್ಣೆ, ಮುರಿದ ಸೂಜಿಯ ತುದಿ ಒಂದೊಂದಾಗಿ ತಳಕ್ಕಿಳಿದವು. ತೊಳೆದದ್ದನ್ನು ಬಟ್ಟೆಯ ಮೇಲಿಟ್ಟು ಇನ್ನೊಂದನ್ನು ಕೈಗೆತ್ತಿಕೊಂಡಳು. ಎದುರಿನ ಸ್ಟೂಲಿನಲ್ಲಿ ಗಂಡ ಕೂತಿದ್ದ. ಬಾಗಿಲಿಗೆ ಒರಗಿ ಅವನ ಅಕ್ಕ ನಿಂತಿದ್ದಳು. ಇಬ್ಬರೂ ಮಾವನನ್ನು ಕರೆದುಕೊಂಡು ಆಗಷ್ಟೇ ಆಸ್ಪತ್ರೆಯಿಂದ ಬಂದಿದ್ದರು. ಬಚ್ಚಲಲ್ಲಿ ಮಾವ ಕೈಕಾಲು ತೊಳೆಯುವ ನೀರಿನ ಸದ್ದು ಅಂಗಡಿಯವರೆಗೂ ಬರುತ್ತಿತ್ತು.

ಮನೆಯ ಮುಂದಿನ ಕೋಣೆಯೇ ಅಂಗಡಿ. ಮಾವ ಹೊಲಿಗೆ ಯಂತ್ರ ರಿಪೇರಿ ಮಾಡುವವರು. ಶಾಲೆಯನ್ನು ಅರ್ಧಕ್ಕೆ ಬಿಟ್ಟು, ಮದುವೆಯಾಗಿ ಈ ಮನೆಗೆ ಬಂದ ಸೊಸೆ ಇಲ್ಲಿ ಮೊದಲು ಕಲಿತದ್ದು ಅಡುಗೆಯನ್ನಲ್ಲ, ಬಾಬಿನ್ ಬಿಚ್ಚುವುದನ್ನು. "ಅಡುಗೆಮನೆಗೆ ನಿಮ್ಮತ್ತೆ ಇದ್ದಾಳೆ, ನನಗ್ಯಾರಿದ್ದಾರೆ? ಬಾ ಶಿಷ್ಯೆ" ಎಂದು ಮಾವ ಅವಳ ಕೈಗೆ ಸ್ಕ್ರೂ ಡ್ರೈವರ್ ಕೊಟ್ಟಿದ್ದರು. ಅಂದಿನಿಂದ ಅವಳ ಹೆಸರು ಶಿಷ್ಯೆಯೇ. ಅವಳಿಗೆ ಮಾತು ಕಡಿಮೆ. ಗಿರಾಕಿಗಳು ಏನಾದರೂ ಕೇಳಿದರೆ ಕತ್ತು ಬಗ್ಗಿಸಿ ಕೆಲಸ ಮುಂದುವರಿಸುವಳು. "ಅವಳನ್ನ ಕೇಳಬೇಡಿ, ಅವಳು ಮಾತಾಡೋದು ಯಂತ್ರದ ಜೊತೆ ಮಾತ್ರ" ಎಂದು ಮಾವ ನಗಿಸುತ್ತಿದ್ದರು.

ಅಡುಗೆಮನೆಯಿಂದ ಅತ್ತೆ ಸೌಟು ಹಿಡಿದುಕೊಂಡೇ ಬಂದರು. "ಏನಂದ್ರು? ಯಾಕೆ ಮೂಗರ ಹಾಗೆ ಕೂತಿದ್ದೀರಿ?"

"ಮೆಲ್ಲಗೆ ಮಾತಾಡಮ್ಮ" ಎಂದಳು ಮಗಳು. ಅವಳು ಶಾಲೆಯೊಂದರ ಆಫೀಸಿನಲ್ಲಿ ಕೆಲಸಕ್ಕಿದ್ದಳು, ಎರಡು ಬೀದಿ ಆಚೆ ಅವಳ ಮನೆ. ಚಿಕ್ಕಂದಿನಿಂದಲೂ ಮನೆಯ ತಂಟೆಗಳಿಗೆಲ್ಲ ತೀರ್ಪು ಕೊಡುವವಳು ಅವಳೇ ಆದ್ದರಿಂದ ಮಾವ ಅವಳಿಗೆ ಜಡ್ಜಮ್ಮ ಎಂದು ಹೆಸರಿಟ್ಟಿದ್ದರು. "ಲಿವರಲ್ಲಿ ಗಡ್ಡೆ ಇದೆ. ಕ್ಯಾನ್ಸರಂತೆ. ಒಂದೇ ಒಂದು, ಚಿಕ್ಕದು. ಬೇಗ ಸಿಕ್ಕಿದೆ, ಕೊಯ್ದು ತೆಗೆದುಬಿಡ್ತಾರೆ. ಅಳಬೇಡ. ಅಳಬೇಡ ಅಂದೆನಲ್ಲ!"

ಅತ್ತೆ ಸೆರಗನ್ನು ಬಾಯಿಗೆ ತುರುಕಿಕೊಂಡರು.

"ಅಪ್ಪನಿಗೆ ಹೇಳೋದು ಬೇಡ" ಎಂದಳು ಜಡ್ಜಮ್ಮ. "ಹಲ್ಲು ಕೀಳಿಸೋಕೆ ಹೋಗಿ ಕುರ್ಚಿಯಿಂದ ಎದ್ದು ಓಡಿ ಬಂದ ಮನುಷ್ಯ. ದೊಡ್ಡಪ್ಪನಿಗೆ ಏನಾಯ್ತು ನೆನಪಿದೆಯಲ್ಲ? ಆ ಹೆಸರು ಕಿವಿಗೆ ಬಿದ್ದಿದ್ದೇ ತಡ, ಗೋಡೆ ಕಡೆ ತಿರುಗಿ ಮಲಗಿದವರು ಮತ್ತೆ ಈ ಕಡೆ ತಿರುಗಲಿಲ್ಲ. ಕಲ್ಲು ಅಂತ ಹೇಳೋಣ. ಪಿತ್ತಕೋಶದಲ್ಲಿ ಕಲ್ಲು."

"ಕಲ್ಲಿಗೆ ಅಷ್ಟು ದೊಡ್ಡ ಆಪರೇಷನ್ನಾ?" ಗಂಡ ಕೇಳಿದ. ಅವನು ಬ್ರೆಡ್ ಕಂಪನಿಯ ವ್ಯಾನ್ ಓಡಿಸುವವನು.

"ದೊಡ್ಡ ಕಲ್ಲು ಅನ್ನು. ಲಿವರಿಗೆ ಅಂಟಿಕೊಂಡಿತ್ತು ಅನ್ನು. ನಿನಗೆ ಸುಳ್ಳು ಹೇಳೋದನ್ನ ನಾನು ಕಲಿಸಬೇಕಾ?"

ಸೊಸೆ ಬ್ರಷ್ಷನ್ನು ಕೆಳಗಿಟ್ಟಳು. ಏನೋ ಹೇಳಬೇಕೆನಿಸಿತು. ಅಷ್ಟರಲ್ಲಿ ಟವೆಲ್ಲಿನಿಂದ ಕತ್ತು ಒರೆಸಿಕೊಳ್ಳುತ್ತ ಮಾವ ಬಂದೇಬಿಟ್ಟರು.

"ಏನು, ಕೋರ್ಟು ಸೇರಿದೆ? ಜಡ್ಜಮ್ಮನ ತೀರ್ಪೇನು, ಗಲ್ಲಾ, ಬಿಡುಗಡೆನಾ?"

"ಕಲ್ಲು ಅಪ್ಪಾ. ಪಿತ್ತಕೋಶದಲ್ಲಿ ಕಲ್ಲು."

ಮಾವನ ಭುಜಗಳು ಇಳಿದದ್ದನ್ನು ಸೊಸೆ ನೋಡಿದಳು. ಬೆಳಗಿನಿಂದ ಅವರು ಎಷ್ಟು ಹೆದರಿದ್ದರು ಎಂಬುದು ಅವಳಿಗೆ ಆಗ ತಿಳಿಯಿತು. ಅವರು ಸ್ಟೂಲ್ ಎಳೆದು ಕೂತು ತೊಡೆ ತಟ್ಟಿಕೊಂಡು ನಕ್ಕರು. "ಅಷ್ಟೇನಾ! ಗುಂಡಿ-ದಾರ ಮಾರೋ ಅಂಗಡಿಯವನಿಗೂ ಆಗಿತ್ತಲ್ಲ. ಇವಳೇ, ಊಟಕ್ಕೆ ಹಾಕು, ಹೊಟ್ಟೆ ಚುರುಗುಟ್ಟುತ್ತಿದೆ."

ಅತ್ತೆ ಒಳಗೆ ಹೋಗಿ ಅನ್ನ ಬಡಿಸಿದರು. ಬೇಳೆಗೆ ಉಪ್ಪು ಹಾಕಲು ಮರೆತಿದ್ದರು. ಎಲ್ಲರೂ ಹಾಗೇ ಉಂಡರು.

*

ಆಪರೇಷನ್ ಚೆನ್ನಾಗಿಯೇ ಆಯಿತು. ಮಾವನಿಗೆ ಪೂರ್ತಿ ಎಚ್ಚರವಾಗಿ, ಮೂಗಿನ ನಳಿಗೆ ತೆಗೆದ ಮೇಲೆ ಅವರಾಡಿದ ಮೊದಲ ಮಾತು, "ಎಲ್ಲಿ ನನ್ನ ಕಲ್ಲು?"

ಗಂಡ ಹೆಂಡತಿಯ ಮುಖ ನೋಡಿದ. ಹೆಂಡತಿ ನೆಲ ನೋಡಿದಳು.

"ಕೊಡ್ತಾರಪ್ಪ, ಆಮೇಲೆ."

"ಆಮೇಲೆ ಯಾವಾಗ? ಗುಂಡಿ ಅಂಗಡಿಯವನಿಗೆ ಮಾರನೇ ದಿನಾನೇ ಕೊಟ್ಟಿದ್ರು. ಇವತ್ತಿಗೂ ಕೌಂಟರಿನ ಮೇಲೆ ಇಟ್ಕೊಂಡು ಬಂದವರಿಗೆಲ್ಲ ತೋರಿಸ್ತಾನೆ. ನಂದು ಅವನದ್ದಕ್ಕಿಂತ ದೊಡ್ಡದು ತಾನೇ? ಹೋಗಿ ಕೇಳೋ. ಬಿಸಾಕಿಬಿಟ್ಟಾರು."

ಗಂಡ ಹೊರಗೆ ಹೋದ. ತಿರುಗಿ ಬಂದಾಗ ಅವನ ಅಂಗಿಯ ಬಲತೋಳು ಮೊಣಕೈಯವರೆಗೂ ಒದ್ದೆ. ಕೈಯಲ್ಲಿ ಔಷಧಿಯ ಚಿಕ್ಕ ಬಾಟಲಿ, ಅದರೊಳಗೆ ಕೋಟಿನ ಗುಂಡಿಯಷ್ಟು ದಪ್ಪದ, ನುಣುಪಾದ ಕಂದು ಕಲ್ಲು. ಕೆಳಗೆ ಆಸ್ಪತ್ರೆಯ ಬಾಗಿಲಲ್ಲೇ ಮೀನಿನ ತೊಟ್ಟಿಯಿತ್ತು. ಅದರ ತಳದಲ್ಲಿ ಇಂಥವೇ ಕಲ್ಲುಗಳನ್ನು ಹಾಸಿದ್ದರು. ಬೆಳಿಗ್ಗೆ ಚಹಾ ತರಲು ಹೋದಾಗ ಸೊಸೆ ಅದರ ಮುಂದೆ ನಿಂತು ಮೀನು ನೋಡಿದ್ದಳು.

ಮಾವ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಅಬ್ಬಾ! ಇಷ್ಟು ದಿನ ಇವನಿಗೆ ನಾನು ಬಾಡಿಗೆ ಇಲ್ಲದೆ ಮನೆ ಕೊಟ್ಟಿದ್ದೆ ನೋಡು!" ನಗಲು ಹೋಗಿ ಹೊಟ್ಟೆ ಹಿಡಿದುಕೊಂಡು "ಅಯ್ಯೋ" ಎಂದರು. ಪಕ್ಕದ ಮಂಚದ ರೋಗಿಯೂ ನಕ್ಕ. ಗಂಡನಂತೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಸೊಸೆ ಅವನ ಒದ್ದೆ ತೋಳನ್ನು ಮಡಚಿ ಮೇಲೆ ಸರಿಸಿದಳು.

*

ಹೊಲಿಗೆ ಬಿಚ್ಚುವ ದಿನ ಡಾಕ್ಟರು ಮನೆಯವರನ್ನು ಒಳಗೆ ಕರೆದರು. ಜಡ್ಜಮ್ಮನಿಗೆ ಶಾಲೆಯಲ್ಲಿ ರಜೆ ಸಿಕ್ಕಿರಲಿಲ್ಲ. ಮಾವನ ಜೊತೆ ಅತ್ತೆ ಹೊರಗಿನ ಬೆಂಚಿನಲ್ಲಿ ಕೂತರು. ಗಂಡ "ನೀನೂ ಬಾ, ಒಬ್ಬನೇ ಹೋಗೋಕೆ ಒಂಥರಾ ಆಗತ್ತೆ" ಎಂದದ್ದಕ್ಕೆ ಸೊಸೆ ಹಿಂದೆ ಹೋದಳು.

"ಅವರಿಗೆ ಕಾಯಿಲೆಯ ವಿಷಯ ಗೊತ್ತಿದೆ ತಾನೇ?" ಡಾಕ್ಟರು ಮೊದಲು ಅದನ್ನೇ ಕೇಳಿದರು.

"ಗೊತ್ತು ಸಾರ್" ಎಂದ ಗಂಡ.

ಡಾಕ್ಟರು ನಿಧಾನವಾಗಿ, ಬಿಡಿಸಿ ಹೇಳಿದರು. ಗಡ್ಡೆಯನ್ನು ಸುತ್ತಲಿನ ಅಂಚಿನ ಸಮೇತ ತೆಗೆದಿದ್ದೇವೆ, ಅಂಚು ಸ್ವಚ್ಛವಾಗಿದೆ. ಉಳಿದ ಲಿವರು ಬೆಳೆದುಕೊಳ್ಳುತ್ತದೆ. ಇಷ್ಟು ಬೇಗ ಸಿಕ್ಕವರಲ್ಲಿ ಹತ್ತಕ್ಕೆ ಆರೇಳು ಮಂದಿ ಐದು ವರ್ಷ ದಾಟುತ್ತಾರೆ.

"ಥ್ಯಾಂಕ್ಸ್ ಸಾರ್" ಎಂದು ಗಂಡ ಏಳಹೊರಟ.

"ಕೂತ್ಕೊಳ್ಳಿ, ಮುಗಿದಿಲ್ಲ" ಎಂದರು ಡಾಕ್ಟರು. "ಗಡ್ಡೆ ತೆಗೆದ್ವಿ, ಅದು ಹುಟ್ಟಿದ ನೆಲ ಒಳಗೇ ಇದೆ. ಯಾವಾಗಲೋ ಒಳಗೆ ಸೇರಿದ ಕಾಮಾಲೆಯ ವೈರಸ್ಸು ಅವರ ಲಿವರನ್ನ ವರ್ಷಾನುಗಟ್ಟಲೆ ಹಾಳು ಮಾಡಿದೆ. ಅದಕ್ಕೇ ದಿನಾ ಒಂದು ಮಾತ್ರೆ. ಅದನ್ನ ನಿಲ್ಲಿಸೋ ಹಾಗಿಲ್ಲ. ಇಂಥ ಲಿವರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಮತ್ತೆ ಗಡ್ಡೆ ಬರತ್ತೆ. ಇವರದ್ದರಲ್ಲಿ ಇನ್ನೊಂದು ವಿಷಯ. ತೆಗೆದ ಗಡ್ಡೆಯನ್ನ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಸಣ್ಣ ರಕ್ತನಾಳಗಳ ಒಳಗೂ ಕ್ಯಾನ್ಸರ್ ಕಣ ಕಂಡಿವೆ. ಅದು ಒಳ್ಳೇದಲ್ಲ. ಮೊದಲ ಎರಡು ವರ್ಷ ಮೂರು ತಿಂಗಳಿಗೊಮ್ಮೆ ಸ್ಕ್ಯಾನು, ರಕ್ತ ಪರೀಕ್ಷೆ ತಪ್ಪಿಸಬೇಡಿ. ಮತ್ತೆ ಬಂದರೂ ಚಿಕ್ಕದಿದ್ದಾಗ ಸಿಕ್ಕರೆ ಸೂಜಿ ಹಾಕಿ ಸುಡಬಹುದು, ಇನ್ನೊಮ್ಮೆ ಕೊಯ್ಯಬಹುದು. ತಡ ಆದ್ರೆ ಮಾಡೋಕೆ ಹೆಚ್ಚೇನೂ ಉಳಿಯಲ್ಲ."

ಗಂಡ ತಲೆಯಾಡಿಸುತ್ತಲೇ ಇದ್ದ. ಕೇಳಿದವಳು ಸೊಸೆ. "ತಡ ಅಂದ್ರೆ ಎಷ್ಟು ಸಾರ್?"

"ಅದು ನಮಗೂ ಗೊತ್ತಿರಲ್ಲಮ್ಮ. ಅದಕ್ಕೇ ದಿನ ತಪ್ಪಿಸಬೇಡಿ ಅನ್ನೋದು."

ಸಂಜೆ ಮನೆಯಲ್ಲಿ ಜಡ್ಜಮ್ಮ ಕಾಯುತ್ತಿದ್ದಳು. ತಮ್ಮ ಅವಳನ್ನು ಅಡುಗೆಮನೆಗೆ ಕರೆದು "ಪೂರ್ತಿ ಕ್ಲೀನಂತೆ ಅಕ್ಕ. ಹತ್ತಕ್ಕೆ ಆರೇಳು ಜನ ಆರಾಮಾಗಿರ್ತಾರಂತೆ. ಆಗಾಗ ಬಂದು ತೋರಿಸಿ ಅಂದ್ರು, ಅಷ್ಟೇ" ಎಂದ. ಜಡ್ಜಮ್ಮ ಅದನ್ನೇ ಇನ್ನಷ್ಟು ತಿಳಿಮಾಡಿ ಅಮ್ಮನಿಗೆ "ಬೇರು ಸಮೇತ ಹೋಯ್ತು" ಎಂದಳು. ಅತ್ತೆ ಕಣ್ಣೊರೆಸಿಕೊಂಡು ಮಾವನಿಗೆ ಎರಡು ಮೊಟ್ಟೆ ಬೇಯಿಸಿದರು.

"ರಕ್ತನಾಳದ್ದು ಯಾಕೆ ಹೇಳಲಿಲ್ಲ?" ಕೋಣೆಯಲ್ಲಿ ಸೊಸೆ ಕೇಳಿದಳು.

"ಅಕ್ಕನಿಗೆ ಬಿಪಿ ಇದೆ. ಅಮ್ಮನ ಕಥೆ ನಿನಗೇ ಗೊತ್ತು. ಬಾರದೇ ಇರೋದನ್ನ ಈಗಲೇ ಮನೆ ತುಂಬಾ ಹರಡೋದ್ಯಾಕೆ?"

"ಮಾವನಿಗಾದರೂ..."

"ನೀನು ಬಾಯಿ ಬಿಟ್ಟರೆ ನೋಡು." ಗದರಿದ ಮೇಲೆ ಅವನೇ ಮೆತ್ತಗಾದ. "ಬೇಡ ಕಣೇ. ಅವರು ನಗ್ತಾ ಇದ್ದಾರಲ್ಲ."

*

ನಗುತ್ತಿದ್ದರು ನಿಜ. ಗಾಯ ಮಾಗುತ್ತಿದ್ದಂತೆ ಮಾವ ಅಂಗಡಿಗೆ ಬಂದು ಕೂತರು. ಕಲ್ಲಿನ ಬಾಟಲಿಯನ್ನು ಎಣ್ಣೆ ಡಬ್ಬಿಗಳ ಸಾಲಿನಲ್ಲಿ, ಬಂದವರ ಕಣ್ಣಿಗೆ ಮೊದಲು ಬೀಳುವ ಹಾಗೆ ಇಟ್ಟರು. ಯಂತ್ರ ರಿಪೇರಿಗೆ ತಂದವರು ಮೊದಲು ಕಲ್ಲಿನ ಕಥೆ ಕೇಳಬೇಕು, ಆಮೇಲೆ ಯಂತ್ರದ ಕಥೆ ಹೇಳಬೇಕು. ಒಂದು ದಿನ ಗುಂಡಿ ಅಂಗಡಿಯವನು ತನ್ನ ಬಾಟಲಿಯನ್ನೇ ಜೇಬಿನಲ್ಲಿಟ್ಟುಕೊಂಡು ಬಂದ. ಇಬ್ಬರು ಮುದುಕರೂ ಎರಡು ಬಾಟಲಿಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಕೂತರು.

"ನಿಂದು ನುಣ್ಣಗಿದೆ. ನಂದು ನೋಡು, ಮುಳ್ಳುಮುಳ್ಳು" ಎಂದ ಗುಂಡಿ ಅಂಗಡಿಯವ.

"ಸ್ವಭಾವ ಕಣಯ್ಯ. ನಿನ್ನ ಹೊಟ್ಟೆಯಲ್ಲಿ ಇನ್ನೇನು ಹುಟ್ಟತ್ತೆ?"

ಒಳಗೆ ಸೊಪ್ಪು ಹೆಚ್ಚುತ್ತಿದ್ದ ಸೊಸೆಯ ಕೈ ನಿಂತಿತು. ಅತ್ತೆ ನಕ್ಕರು. ಅತ್ತೆಗೂ ಅದು ನಿಜವಾದ ಕಲ್ಲೇ ಎನ್ನಿಸತೊಡಗಿತ್ತೋ ಏನೋ.

ಮೊದಲ ತಪಾಸಣೆಗೆ ಮಾವನನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ. ಹೊಲಿಗೆ ಸರಿಯಾಗಿ ಕೂಡಿದೆಯಾ ನೋಡಬೇಕಂತೆ ಎಂದರು. "ಹೊಲಿಗೆ ವಿಷಯ ನನಗೆ ಹೇಳಿಕೊಡ್ತಾನಾ ಆ ಡಾಕ್ಟ್ರು?" ಎಂದು ಗೊಣಗುತ್ತಲೇ ಮಾವ ವ್ಯಾನ್ ಹತ್ತಿದರು. ಸ್ಕ್ಯಾನಿನಲ್ಲಿ ಏನೂ ಸಿಗಲಿಲ್ಲ. ಅಂದು ಜಡ್ಜಮ್ಮ ದೊಡ್ಡ ಕೇಕು ತಂದಳು. ಗಂಡ ಹೆಂಡತಿಯ ಕಡೆ ತಿರುಗಿ ಹುಬ್ಬು ಹಾರಿಸಿದ. ನೋಡಿದೆಯಾ, ಸುಮ್ಮನೆ ಹೆದರಿದ್ದೆ ಎಂಬಂತೆ.

ದಿನದ ಮಾತ್ರೆ ಕೊಡುವುದು ಸೊಸೆಯ ಕೆಲಸ. ಬೆಳಿಗ್ಗೆ ಚಹಾಕ್ಕೆ ಮುಂಚೆ ಅಂಗೈಯಲ್ಲಿ ಹಿಡಿದು ನಿಲ್ಲುವಳು. ಮಾವ ಮಾತ್ರೆಗೆ ಕೈಮುಗಿದು ನುಂಗುವರು. "ಕಲ್ಲು ಹೋಗಿ ಎಷ್ಟು ಕಾಲ ಆಯ್ತು? ಇನ್ನೂ ಯಾಕೆ ಇದು ಶಿಷ್ಯೆ?"

"ಶಕ್ತಿಗೆ ಮಾವ."

"ಶಕ್ತಿ ಜಾಸ್ತಿಯಾಗಿ ನಿಮ್ಮತ್ತೇನ ಎತ್ತಿ ಬಿಸಾಕ್ತೀನಿ, ಆಮೇಲೆ ನನ್ನನ್ನ ಅನ್ನಬೇಡ."

ಎರಡನೇ ತಪಾಸಣೆಯ ಹೊತ್ತಿಗೆ ಮಾವ ಬಗ್ಗಲಿಲ್ಲ. ಭಾನುವಾರದ ಊಟಕ್ಕೆ ಎಲ್ಲರೂ ಕೂತಿದ್ದಾಗ ಜಡ್ಜಮ್ಮ ಮಾತೆತ್ತಿದಳು.

"ಮಂಗಳವಾರ ಆಸ್ಪತ್ರೆಗೆ ಹೋಗಬೇಕಪ್ಪ. ಸ್ಕ್ಯಾನು."

"ಯಾವುದರ ಸ್ಕ್ಯಾನು?"

"ಹೊಟ್ಟೆದು."

"ಹೊಟ್ಟೆಯಲ್ಲಿ ಏನು ಹುಡುಕ್ತಾರೆ? ಕಲ್ಲು ಅಲ್ಲಿ ಕೂತಿದೆ, ಶೆಲ್ಫಿನ ಮೇಲೆ." ಮಾವ ರೊಟ್ಟಿ ಮುರಿದು ಬೇಳೆಯಲ್ಲಿ ಅದ್ದಿದರು. "ಮೊನ್ನೆ ಗುಂಡಿ ಅಂಗಡಿಯವನನ್ನ ಕೇಳಿದೆ. ಕಲ್ಲು ತೆಗೆದ ಮೇಲೆ ಅವನು ಒಂದು ಸಲಾನೂ ಆಸ್ಪತ್ರೆ ಮೆಟ್ಟಿಲು ಹತ್ತಿಲ್ಲ. ಒಂದೇ ಒಂದು ಸಲಾನೂ! ನನ್ನನ್ನ ಮಾತ್ರ ಹಿಂಡ್ತಾ ಇದ್ದಾರೆ. ನೀವೂ ದುಡ್ಡು ಸುರೀತಿದ್ದೀರಿ."

"ದುಡ್ಡಿನ ಮಾತು ನಿಮಗ್ಯಾಕೆ?"

"ಯಾಕೆ ಅಂದ್ರೆ? ಇವನ ವ್ಯಾನು ಓಡಲಿಲ್ಲ ಅಂದ್ರೆ ಆ ದಿನದ ಸಂಬಳ ನಿನ್ನ ಕೋರ್ಟಿಂದ ಬರತ್ತಾ?"

"ಮತ್ತೆ ಕಲ್ಲು ಬರಬಹುದಂತೆ" ಎಂದ ಗಂಡ.

"ಬಂದಾಗ ನೋವು ಬರತ್ತೆ. ನೋವು ಬಂದಾಗ ಹೋಗೋಣ."

"ಅಪ್ಪಾ, ಹಟ ಮಾಡಬೇಡಿ!"

"ಯಂತ್ರ ಸದ್ದಿಲ್ಲದೆ ಓಡ್ತಾ ಇರುವಾಗ ಬಿಚ್ಚಬಾರದು ಕಣೇ. ಬಿಚ್ಚಿದೋನೇ ಕೆಡಿಸೋದು. ಇದು ನನ್ನ ಕಸುಬು, ನನಗೆ ಹೇಳಬೇಡ." ತಟ್ಟೆ ತಳ್ಳಿ ಎದ್ದರು. ಅಂಗಡಿಯಿಂದ ಸುತ್ತಿಗೆಯ ಸದ್ದು ಕೇಳಿಸಿತು. ಅಂದು ಅಂಗಡಿಗೆ ರಜೆ, ಸುತ್ತಿಗೆಗೆ ಕೆಲಸವೇ ಇರಲಿಲ್ಲ.

ಅತ್ತೆ ಮಗಳನ್ನೇ ಬೈದರು. "ಊಟದ ಹೊತ್ತಲ್ಲೇ ಎತ್ತಬೇಕಿತ್ತಾ? ಹೋಗಲಿ ಬಿಡ್ರೇ. ಬೇರು ಸಮೇತ ಹೋಗಿದೆ ಅಂತ ನೀನೇ ಹೇಳಿದ್ದೆಯಲ್ಲ. ಮುಂದಿನ ತಿಂಗಳು ಹೋದರಾಯ್ತು."

ಜಡ್ಜಮ್ಮ ತಮ್ಮನನ್ನು ನೋಡಿದಳು. "ಮುಂದಿನ ತಿಂಗಳು ಆಗತ್ತೇನೋ?"

ಬಡಿಸುತ್ತಿದ್ದ ಸೊಸೆ ಗಂಡನನ್ನು ನೋಡಿದಳು. ಗಂಡ ತಟ್ಟೆಯ ಅನ್ನವನ್ನು ಬೆರಳಿನಿಂದ ಒಟ್ಟುಗೂಡಿಸಿದ. "ಆಗತ್ತೆ ಅನ್ಸತ್ತೆ" ಎಂದ.

*

ಮುಂದಿನ ತಿಂಗಳು ಬ್ರೆಡ್ ಕಂಪನಿಯಲ್ಲಿ ರಜೆ ಕೊಡಲಿಲ್ಲ. ಅದರ ಮುಂದಿನ ತಿಂಗಳು ಜಡ್ಜಮ್ಮನ ಶಾಲೆಯಲ್ಲಿ ಪರೀಕ್ಷೆ. ಮಾವನ ಎದುರು ಆಸ್ಪತ್ರೆಯ ಹೆಸರೆತ್ತಿದರೆ ಬಾಟಲಿಯ ಕಡೆ ಬೊಟ್ಟು ಮಾಡುತ್ತಿದ್ದರು.

ಸೊಸೆ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದಳು. ಏನನ್ನು ಕಾಯುತ್ತಿದ್ದಾಳೆಂದು ಕೇಳಿದ್ದರೆ ಹೇಳಲು ಅವಳಿಗೆ ಬರುತ್ತಿರಲಿಲ್ಲ. ಮೊದಲು ಕಂಡದ್ದು ಚಹಾ. ದಿನಕ್ಕೆ ಐದಾರು ಲೋಟ ಕುಡಿಯುತ್ತಿದ್ದ ಮಾವ ಲೋಟದಲ್ಲಿ ಅರ್ಧ ಬಿಡತೊಡಗಿದರು. "ಹಾಲು ಸರಿಯಿಲ್ಲ" ಎಂದರು. ಅತ್ತೆ ಹಾಲಿನವನನ್ನು ಬೈದು ಬೇರೆ ಕಡೆಯಿಂದ ತರಿಸಿದರು. ಅದೂ ಅರ್ಧವೇ ಉಳಿಯಿತು. ಆಮೇಲೆ ಬೆಲ್ಟು. ಪ್ಯಾಂಟಿಗೆ ಹಾಕುವ ಬೆಲ್ಟಿಗೆ ಹೊಸ ತೂತು ಬೇಕೆಂದು ಯಂತ್ರದ ಚರ್ಮದ ಪಟ್ಟಿಗೆ ತೂತು ಕೊರೆಯುವ ಉಳಿಯನ್ನು ತಾವೇ ತಂದು, "ವಯಸ್ಸಾದ ಮೇಲೆ ಸೊಂಟ ಸಣ್ಣ ಆಗ್ತಿದೆ ನೋಡೇ, ಸಿನಿಮಾದವರ ಹಾಗೆ" ಎಂದು ಹೆಂಡತಿಯ ಮುಂದೆ ತಿರುಗಿ ನಿಂತರು. ಅತ್ತೆ "ಥೂ, ನಾಚಿಕೆಗೆಟ್ಟವರೇ" ಎಂದು ನಕ್ಕರು. ಯಂತ್ರದ ತಲೆ ಎತ್ತುವಾಗ ಮಾವ ಬಲಭುಜ ಹಿಡಿದುಕೊಂಡು ನಿಲ್ಲತೊಡಗಿದರು. ಮಧ್ಯಾಹ್ನ ಕೆಲಸದ ಮೇಜಿಗೆ ಹಣೆ ಆನಿಸಿ ನಿದ್ದೆಹೋಗುತ್ತಿದ್ದರು. ಎಚ್ಚರವಾದಾಗ ಹಣೆಯ ಮೇಲೆ ಸ್ಕ್ರೂವಿನ ಗುರುತು.

ಸೊಸೆ ಕೆಲಸಕ್ಕೆ ಹೊರಟ ಗಂಡನನ್ನು ಬೀದಿಯಲ್ಲಿ, ವ್ಯಾನಿನ ಬಾಗಿಲ ಹತ್ತಿರ ತಡೆದಳು. "ಮಾವ ಇಳಿದುಹೋಗ್ತಿದ್ದಾರೆ. ನಿಮಗೆ ಕಾಣ್ತಿಲ್ವಾ?"

"ಕಾಣತ್ತೆ."

"ಮತ್ತೆ?"

ಅವನು ಬಾಗಿಲು ಹಾಕಿಕೊಂಡ, ಮತ್ತೆ ತೆಗೆದ. "ನನ್ನಿಂದಾಗಲ್ಲ ಕಣೇ. ಕಲ್ಲು ತಂದುಕೊಟ್ಟವನು ನಾನು. ಈಗ ಹೋಗಿ ಯಾವ ಬಾಯಲ್ಲಿ ಹೇಳಲಿ? ಅಕ್ಕ ಹೇಳಲಿ."

ಅವಳು ಅಂದೇ ಸಂಜೆ ಜಡ್ಜಮ್ಮನ ಮನೆಗೆ ಹೋದಳು. ಒಬ್ಬಳೇ ಅಲ್ಲಿಗೆ ಹೋದದ್ದು ಅದೇ ಮೊದಲು. ಒಗೆದ ಬಟ್ಟೆ ಮಡಚುತ್ತಿದ್ದ ಜಡ್ಜಮ್ಮನ ಎದುರು ನಿಂತು, ರಕ್ತನಾಳದ ವಿಷಯವನ್ನು, ಡಾಕ್ಟರು ಹೇಳಿದ ಅಷ್ಟನ್ನೂ ಹೇಳಿದಳು. ಜಡ್ಜಮ್ಮನ ಕೈಯಲ್ಲಿದ್ದ ಅಂಗಿ ಹಾಗೇ ನಿಂತಿತು.

"ಇಷ್ಟು ದಿನ ನುಂಗಿಕೊಂಡಿದ್ಯಾ ಇದನ್ನ?"

"ಅವರು ಹೇಳಬೇಡ ಅಂದಿದ್ರು ಅಕ್ಕ."

"ಅವನಂದ, ನೀನು ಕೇಳಿದೆ! ಮೂಗಿ! ಬಾಯಿ ಯಾಕಿದೆ ನಿನಗೆ?" ಎಂದು ಕೂಗಿದವಳು ಅಂಗಿಯನ್ನು ಎದೆಗೆ ಒತ್ತಿಕೊಂಡು ಮಂಚದ ಮೇಲೆ ಕುಸಿದಳು. ಕಣ್ಣೊರೆಸಿಕೊಂಡು, "ಅಪ್ಪನಿಗೆ ಮಾತ್ರ ಹೇಳಬೇಡ. ಈಗಂತೂ ಬೇಡವೇ ಬೇಡ. ಈ ಸ್ಥಿತಿಯಲ್ಲಿ ಕೇಳಿದ್ರೆ ಅಲ್ಲೇ ಹೋಗಿಬಿಡ್ತಾರೆ. ಹೇಗಾದರೂ ಒಪ್ಪಿಸೋಣ" ಎಂದಳು.

"ಹೇಗೆ?"

ಜಡ್ಜಮ್ಮ ಅಂಗಿಯನ್ನು ಬಿಡಿಸಿ ಮತ್ತೆ ಮಡಚತೊಡಗಿದಳು.

*

ಮರುದಿನ ಬೆಳಿಗ್ಗೆ ಅಂಗಡಿಯಲ್ಲಿ ಮಾವ, ಸೊಸೆ ಇಬ್ಬರೇ. ಟೈಲರೊಬ್ಬ ತಂದಿಟ್ಟ ಯಂತ್ರ ನೂಲು ಕಡಿಯುತ್ತಿತ್ತು. ಮಾವ ಸೂಜಿಯ ಕಣ್ಣಿಗೆ ನೂಲು ಪೋಣಿಸಲು ಎರಡು ಸಲ ನೋಡಿ, ಆಗದೆ ಅವಳ ಕೈಗೆ ಕೊಟ್ಟರು. ಅವರ ಕಣ್ಣಿನ ಬಿಳಿ ತುಸು ಹಳದಿಗೆ ತಿರುಗಿದ್ದು ಬೀದಿಯ ಬೆಳಕಿನಲ್ಲಿ ಕಂಡಿತು. ಸೊಸೆ ನೂಲು ಪೋಣಿಸಿದಳು. ಯಂತ್ರದ ಮೇಲಿಂದ ಕಣ್ಣೆತ್ತದೆ ಹೇಳಿದಳು:

"ಮಾವ, ಅದು ಕಲ್ಲಲ್ಲ."

"ಯಾವುದು?"

"ನಿಮ್ಮ ಹೊಟ್ಟೆಯಲ್ಲಿದ್ದದ್ದು. ಗಡ್ಡೆ. ಕ್ಯಾನ್ಸರಿನ ಗಡ್ಡೆ."

ಮಾವ ನಕ್ಕರು. "ಏನೇ, ಹೆದರಿಸಿ ಆಸ್ಪತ್ರೆಗೆ ಕಳಿಸು ಅಂತ ಜಡ್ಜಮ್ಮ ಹೇಳಿಕೊಟ್ಟಳಾ? ಇಲ್ಲೇ ಇದೆಯಲ್ಲ ಕಲ್ಲು, ಕಣ್ಣೆದುರಿಗೆ."

"ಅದು ಆಸ್ಪತ್ರೆ ಬಾಗಿಲಲ್ಲಿರೋ ಮೀನಿನ ತೊಟ್ಟಿದು. ನೀವು ಕೇಳಿದ್ದಕ್ಕೆ ಇವರು ಕೈಹಾಕಿ ತೆಗೆದುಕೊಂಡು ಬಂದ್ರು. ಅಂಗಿ ತೋಳು ಒದ್ದೆ ಆಗಿತ್ತು." ಡಾಕ್ಟರು ಹೇಳಿದ್ದನ್ನು ಒಂದನ್ನೂ ಬಿಡದೆ ಹೇಳಿದಳು. ಬೇಗ ಸಿಕ್ಕಿತ್ತು, ಚೆನ್ನಾಗಿ ತೆಗೆದಿದ್ದರು. ಮತ್ತೆ ಬರಬಹುದು ಎಂದಿದ್ದರು. ಬಂದರೆ ಚಿಕ್ಕದಿರುವಾಗಲೇ ಹಿಡಿಯಬೇಕು, ಅದಕ್ಕೇ ತಪಾಸಣೆ. ಮಾತ್ರೆ ಶಕ್ತಿಯದ್ದಲ್ಲ.

ಮಾವ ಕೇಳುತ್ತ ಯಂತ್ರದ ಚಕ್ರವನ್ನು ಬೆರಳ ತುದಿಯಿಂದ ನಿಧಾನ ತಿರುಗಿಸುತ್ತಿದ್ದರು. ಸೂಜಿ ಇಳಿಯಿತು, ಏರಿತು. ಅವರು ಗೋಡೆಯ ಕಡೆ ತಿರುಗಲಿಲ್ಲ. ಅಳಲೂ ಇಲ್ಲ.

"ಯಾವಾಗ ಹೋಗಬೇಕಿತ್ತು?" ಎಂದಷ್ಟೇ ಕೇಳಿದರು.

"ಆಗಲೇ. ನೀವು ಬರಲ್ಲ ಅಂದ್ರಲ್ಲ, ಆ ಭಾನುವಾರ. ಅದರ ನಂತರದ ಮಂಗಳವಾರ."

"ಆಗ ನೀನಿದ್ದೆಯಲ್ಲ ಅಲ್ಲಿ. ಬಡಿಸ್ತಾ ಇದ್ದೆ."

ಅವಳು ತಲೆತಗ್ಗಿಸಿದಳು. ಮಾವ ಎದ್ದು ಅಂಗಡಿಯ ಬಾಗಿಲು ಅರ್ಧ ಎಳೆದರು. "ನಿನ್ನ ಗಂಡನಿಗೆ ಫೋನ್ ಮಾಡು. ಆಸ್ಪತ್ರೆಗೆ ಹೋಗೋಕೆ ಒಪ್ಪಿದ್ದಾರೆ ಅನ್ನು. ನನಗೆ ಗೊತ್ತಾಗಿದೆ ಅಂತ ಹೇಳಬೇಡ."

"ಯಾಕೆ ಮಾವ?"

"ಅವರೇ ಹೇಳಲಿ. ಹೇಳ್ತಾರಾ ನೋಡೋಣ."

*

ಸ್ಕ್ಯಾನು, ರಕ್ತ ಪರೀಕ್ಷೆ ಒಂದೇ ದಿನ ಆದವು. ಫಲಿತಾಂಶದ ದಿನ ಜಡ್ಜಮ್ಮ ರಜೆ ಹಾಕಿ ಬಂದಳು. ಗಂಡ ವ್ಯಾನನ್ನು ಬೇರೆಯವರ ಕೈಗೆ ಕೊಟ್ಟು ಬಂದ. "ನೀನು ಬೇಡ, ಅಪ್ಪನ ಜೊತೆ ಕೂತ್ಕೋ" ಎಂದು ಜಡ್ಜಮ್ಮ ಸೊಸೆಯನ್ನು ಹೊರಗೇ ಉಳಿಸಿ ತಮ್ಮನ ಜೊತೆ ಒಳಗೆ ಹೋದಳು.

ಬೆಂಚಿನ ಮೇಲೆ ಮಾವ, ಸೊಸೆ ಪಕ್ಕಪಕ್ಕ ಕೂತರು. ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಕಾಲರಿನೊಳಗೆ ಕತ್ತು ಸಡಿಲವಾಗಿ ನಿಂತಿತ್ತು.

"ಒಳಗೆ ಕರೆದು ನನಗೇ ಹೇಳ್ತಾರೇನೋ ಅಂದ್ಕೊಂಡೆ" ಎಂದರು.

"ನೀವೇ ಹೋಗಿ ಕೇಳಿ ಮಾವ."

"ಹೋಗಬಹುದು." ಅವರು ಏಳಲಿಲ್ಲ. "ಧೈರ್ಯ ಬರ್ತಿಲ್ಲ ಶಿಷ್ಯೆ. ಆ ಹಲ್ಲಿನ ಡಾಕ್ಟ್ರ ಹತ್ರಾನೂ ಹೀಗೇ ಆಗಿತ್ತು."

ಅಕ್ಕ ತಮ್ಮ ಒಳಗೆ ಬಹಳ ಹೊತ್ತು ಇದ್ದರು. ಹೊರಬಂದಾಗ ಜಡ್ಜಮ್ಮ ಮುಖ ತೊಳೆದುಕೊಂಡಿದ್ದಳು, ಹಣೆಯ ಕೂದಲು ಒದ್ದೆಯಾಗಿತ್ತು. ಗಂಡ ಯಾರ ಕಡೆಗೂ ನೋಡದೆ "ಹೋಗೋಣ ನಡೀರಿ, ಅಮ್ಮ ಊಟಕ್ಕೆ ಕಾಯ್ತಿರ್ತಾಳೆ" ಎಂದ. ದಾರಿಯಲ್ಲಿ ಸೊಸೆ ಗಂಡನ ಕೈ ಮುಟ್ಟಿದಳು, ಅದು ತಣ್ಣಗಿತ್ತು.

ಮನೆಯಲ್ಲಿ ಅತ್ತೆ ಎಲ್ಲರಿಗೂ ತಟ್ಟೆ ಹಾಕಿದ್ದರು. ಮಾವನಿಗೆ ಬಾಯಿಗೆ ಹಿಡಿಸಲೆಂದು ಆಲೂಗಡ್ಡೆ ಹುರಿದಿದ್ದರು, ಅನ್ನ ಮೆತ್ತಗೆ ಮಾಡಿದ್ದರು. "ಏನಂದ್ರು?" ಎಂದು ಬಾಗಿಲಲ್ಲೇ ಕೇಳಿದರು.

"ಏನಿಲ್ಲಮ್ಮ" ಎಂದಳು ಜಡ್ಜಮ್ಮ. "ಸ್ವಲ್ಪ ಸುಸ್ತಿದೆಯಂತೆ ಅಷ್ಟೇ. ಬೇರೆ ಮಾತ್ರೆ ಬರೆದುಕೊಟ್ಟಿದ್ದಾರೆ. ಮನೇಲಿ ಆರಾಮಾಗಿರಲಿ, ಬಾಯಿಗೆ ಏನು ರುಚಿಸತ್ತೋ ಅದನ್ನೇ ಕೊಡಿ ಅಂದ್ರು."

"ಪಥ್ಯ ಇಲ್ವಾ? ಇನ್ನೊಂದು ಆಪರೇಷನ್ನು ಏನಾದರೂ?"

"ಇಲ್ಲ, ಅದೆಲ್ಲ ಏನೂ ಬೇಡವಂತೆ."

"ಸದ್ಯ" ಎಂದು ಅತ್ತೆ ನಿಟ್ಟುಸಿರು ಬಿಟ್ಟು ಬಡಿಸತೊಡಗಿದರು.

ಏನೂ ಬೇಡವಂತೆ. ಸೊಸೆ ನೀರಿನ ಚೆಂಬನ್ನು ಎರಡೂ ಕೈಯಲ್ಲಿ ಹಿಡಿದು ನಿಂತಲ್ಲೇ ನಿಂತಳು. ಸೂಜಿ ಹಾಕಿ ಸುಡಬಹುದು, ಇನ್ನೊಮ್ಮೆ ಕೊಯ್ಯಬಹುದು ಎಂದಿದ್ದ ಡಾಕ್ಟರು ಈಗ ಏನೂ ಬೇಡ ಎಂದಿದ್ದಾರೆ. ಗಂಡನ ಮುಖ ನೋಡಿದಳು. ಅವನು ಅನ್ನ ಕಲಸುತ್ತಿದ್ದ, ಕಲಸುತ್ತಲೇ ಇದ್ದ.

ಮಾವ ಆಲೂಗಡ್ಡೆಯ ಒಂದು ಹೋಳನ್ನು ಬಾಯಿಗಿಟ್ಟು ನಿಧಾನವಾಗಿ ಅಗಿದರು, ಕಷ್ಟಪಟ್ಟು ನುಂಗಿದರು. ಕೈಯನ್ನು ತಟ್ಟೆಯ ಅಂಚಿಗೆ ಒರೆಸಿದರು.

"ಗಡ್ಡೆ ಮತ್ತೆ ಬಂದಿದೆ, ಅಲ್ವಾ?" ಎಂದರು.

ಸೌಟು ಪಾತ್ರೆಗೆ ಬಡಿಯಿತು. ಜಡ್ಜಮ್ಮ ತಿರುಗಿ ಸೊಸೆಯನ್ನು ಸುಡುವ ಹಾಗೆ ನೋಡಿದಳು. ಗಂಡನ ಕೈ ತಟ್ಟೆಯಲ್ಲೇ ನಿಂತಿತು.

"ಅವಳನ್ನ ಯಾಕೆ ನೋಡ್ತೀಯಾ?" ಎಂದರು ಮಾವ. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಅಂಗಡಿಯಲ್ಲಿ ಗಿರಾಕಿಯನ್ನು ಯಂತ್ರಕ್ಕೆ ಏನಾಗಿದೆ ಎಂದು ಕೇಳುವಾಗ ಇರುವಂಥದ್ದೇ ಧ್ವನಿ. "ಅವಳು ಒಳಗೆ ಬಂದಿರಲಿಲ್ಲ. ನೀವಿಬ್ಬರೂ ಇದ್ರಿ. ಎಷ್ಟು ದೊಡ್ಡದಾಗಿದೆ ಅಂದ್ರು? ಇನ್ನು ಎಷ್ಟು ಕಾಲ ಅಂದ್ರು?"

"ಅಪ್ಪಾ, ಊಟ ಮಾಡಿ" ಎಂದಳು ಜಡ್ಜಮ್ಮ.

"ಮಾಡ್ತೀನಿ. ಮೊದಲು ಹೇಳಿ."

ಅತ್ತೆ ಮಗನನ್ನು ನೋಡಿದರು, ಮಗಳನ್ನು ನೋಡಿದರು, ಯಾರ ಮುಖದಲ್ಲೂ ಏನೂ ಸಿಗದೆ ಗಂಡನ ತಟ್ಟೆಗೆ ಇನ್ನಷ್ಟು ಅನ್ನ ಹಾಕಿದರು. ಮಾವ ಅವರ ಕೈಯನ್ನು ಮೆಲ್ಲಗೆ ಹಿಡಿದು ನಿಲ್ಲಿಸಿದರು.

"ಡಾಕ್ಟ್ರು ಏನು ಹೇಳಿದ್ರೋ, ಅದನ್ನ ಹಾಗೇ ನನಗೆ ಹೇಳಿ" ಎಂದರು. "ಯಾರಾದರೂ ಒಬ್ಬರು ಹೇಳಿ."